ಸಿಮೆಂಟ್ ತೊಟ್ಟಿಯ ಮೇಲಿನ ಬೆನಕ

ಹಿಂದೂಪುರದ ನಮ್ಮ ಮನೆಯ ಗೇಟಿನ ಪಕ್ಕ ಒಂದು ಸಿಮೆಂಟ್ ತೊಟ್ಟಿ ಇದೆ. ತೊಟ್ಟಿ ಅಂದರೆ ಮಹಾ ಏನಲ್ಲ. ಗುಂಡಿಗೆ ಇಳಿಸುವ ಸಿಮೆಂಟ್ ರಿಂಗುಗಳನ್ನು ಒಂದರ ಮೇಲೊಂದು ಕೂರಿಸಿ ಒಳಗೆ ಮಣ್ಣು ತುಂಬಿಸಿದ್ದು, ಅಷ್ಟೇ. ನನ್ನ ಸೊಂಟದ ಎತ್ತರಕ್ಕೆ ಬರುತ್ತದೆ. ಅದನ್ನು ನಾನು ಹಾಕಿಸಿದ್ದು ಹೂವಿನ ಮೇಲಿನ ಪ್ರೀತಿಯಿಂದಲ್ಲ, ಸಿಟ್ಟಿನಿಂದ. ನಮ್ಮ ಬೀದಿಯಲ್ಲಿ ಯಾರ ಮನೆಗೆ ನೆಂಟರು ಬಂದರೂ ಅವರ ಬೈಕು ಮಾತ್ರ ನಮ್ಮ ಗೇಟಿನ ಮುಂದೆ ನಿಲ್ಲುತ್ತಿತ್ತು. ಹೇಳಿ ಹೇಳಿ ಬಾಯಿ ನೋವು ಬಂದು, ಕೊನೆಗೆ ಹೇಳುವುದನ್ನು ಬಿಟ್ಟು ತೊಟ್ಟಿ ಇಡಿಸಿದೆ. ಬೈಕುಗಳು ಹೋದವು. ತೊಟ್ಟಿ ಬೋಳಾಗಿ ಕಾಣಬಾರದೆಂದು ಒಂದು ಕಾಗದದ ಹೂವಿನ ಗಿಡ ನೆಟ್ಟೆ. ಬೀದಿಯ ಮೇಕೆಗಳು ಅದನ್ನು ಎಲೆ ಬಿಡದ ಹಾಗೆ ನೋಡಿಕೊಂಡವು.

ಎದುರುಮನೆಯಲ್ಲಿ ಒಬ್ಬ ಟೀಚರಮ್ಮ ಇದ್ದಾರೆ. ತೆಲುಗಿನವರು, ಚರ್ಚಿಗೆ ಹೋಗುವವರು. ಡಿಸೆಂಬರ್ ಬಂತೆಂದರೆ ಅವರ ಬಾಗಿಲಲ್ಲಿ ದೊಡ್ಡ ಕಾಗದದ ನಕ್ಷತ್ರ, ಅದರ ಕೆಳಗೆ ಕುಂಡದಲ್ಲೊಂದು ಕ್ರಿಸ್‌ಮಸ್ ಗಿಡ, ಅದರ ತುಂಬ ಬಣ್ಣದ ಗುಂಡುಗಳು, ಸೀರಿಯಲ್ ಲೈಟು. ನೋಡುವುದಕ್ಕೆ ಎಷ್ಟು ಚೆನ್ನಾಗಿರುತ್ತದೆಂದರೆ, ಪ್ರತಿ ವರ್ಷವೂ ನನಗೆ ಹೊಟ್ಟೆ ಉರಿಯುತ್ತದೆ. ಈ ಸಲ ನಾನೂ ಒಂದು ಕೈ ನೋಡಿಯೇ ಬಿಡುತ್ತೇನೆ ಅಂದುಕೊಂಡೆ. ನಾನು ಕೆಲಸ ಮಾಡುವುದು ಶಾಲೆಯೊಂದರ ಆಫೀಸಿನಲ್ಲಿ. ವರ್ಷದ ಕೊನೆಗೂ ಸಂಕ್ರಾಂತಿಗೂ ನಮಗೆ ರಜೆ ಸಿಗುತ್ತದೆ. ತೊಟ್ಟಿಗೆ ಇಟ್ಟಿಗೆ ಬಣ್ಣ ಬಳಿದೆ. ಬಜಾರಿನಿಂದ ಕೆಂಪು ರಿಬ್ಬನ್ನು, ಜರಿ ಹಾರ, ಸೀರಿಯಲ್ ಲೈಟು ತಂದೆ. ಮಣ್ಣಿನ ತುಂಬ ಸರ್ವೆ ಕೊಂಬೆ ಚುಚ್ಚಿ, ನಡುವೆ ಚೆಂಡುಹೂ ತುಂಬಿ, ಹೊಸ ವರ್ಷದಿಂದ ಸಂಕ್ರಾಂತಿಯವರೆಗೂ ಬೀದಿಯವರ ಕಣ್ಣು ನಮ್ಮ ಗೇಟಿನ ಮೇಲೇ ಇರಬೇಕು ಎಂಬುದು ನನ್ನ ಲೆಕ್ಕಾಚಾರ.

ಆ ವರ್ಷ ಅವ್ವ ನಮ್ಮ ಮನೆಯಲ್ಲಿದ್ದಳು. ಅವಳು ಇರುವುದು ಕಲ್ಯಾಣದುರ್ಗದಲ್ಲಿ, ನನ್ನ ಅಣ್ಣನ ಮನೆಯಲ್ಲಿ. ಅಣ್ಣ, ಅತ್ತಿಗೆ ಇಬ್ಬರೂ ಚೆನ್ನಾಗಿ ನೋಡಿಕೊಳ್ಳುತ್ತಾರೆ. ಅದರಲ್ಲಿ ಎರಡು ಮಾತಿಲ್ಲ. ಆದರೆ ಮಂಡಿ ನೋವು ಜಾಸ್ತಿಯಾಗಿ, ಇಲ್ಲಿಯ ಡಾಕ್ಟರಿಗೆ ತೋರಿಸೋಣ ಎಂದು ದೀಪಾವಳಿ ಮುಗಿದ ಮೇಲೆ ನಾನೇ ಹಟ ಮಾಡಿ ಕರೆದುಕೊಂಡು ಬಂದಿದ್ದೆ. ಡಾಕ್ಟರು ಮಾತ್ರೆ ಕೊಟ್ಟರು, ಮಂಡಿಗೆ ಸುತ್ತುವ ಪಟ್ಟಿ ಕೊಟ್ಟರು, ನೋವು ಇಳಿಯಿತು. ಜೊತೆಗೆ ಒಂದು ಮಾತನ್ನೂ ಹೇಳಿದರು: ಇನ್ನು ಮೇಲೆ ಕುಕ್ಕರಗಾಲಲ್ಲಿ ಕೂರಬಾರದು. ಅವ್ವ ತಲೆಯಾಡಿಸಿದಳು. ಅವಳು ಅಷ್ಟು ಸುಲಭಕ್ಕೆ ಒಪ್ಪಿದ್ದು ಕಂಡು ನನಗೆ ಆಗಲೇ ಅನುಮಾನ ಬರಬೇಕಿತ್ತು.

ಧನುರ್ಮಾಸ ಹತ್ತಿರ ಬಂದಾಗ ಗೊತ್ತಾಯಿತು. ನಮ್ಮ ಕಡೆ ಧನುರ್ಮಾಸ ಪೂರ್ತಿ ದಿನಾ ಬೆಳಿಗ್ಗೆ ಬಾಗಿಲ ಮುಂದೆ ಸಗಣಿನೀರು ಹಾಕಿ, ರಂಗೋಲಿ ಬಿಟ್ಟು, ಅದರ ನಡುವೆ ಬೆನಕ ಇಡುತ್ತಾರೆ. ಹಸುವಿನ ಸಗಣಿಯ ಉಂಡೆ, ತಲೆಗೆ ಗರಿಕೆ, ಗರಿಕೆಯ ಪಕ್ಕ ಅರಳಿದ ಕುಂಬಳ ಹೂ. ತೆಲುಗಿನವರು ಇದನ್ನೇ ಗೊಬ್ಬೆಮ್ಮ ಅನ್ನುತ್ತಾರೆ. ನಾನು ಚಿಕ್ಕವಳಿದ್ದಾಗ ಕಲ್ಯಾಣದುರ್ಗದ ನಮ್ಮ ಬೀದಿಯಲ್ಲಿ ಯಾರ ಬೆನಕ ಮೊದಲು ಕೂರುತ್ತದೆ ಎಂದು ಹೆಂಗಸರಲ್ಲಿ ಪೈಪೋಟಿ ನಡೆಯುತ್ತಿತ್ತು. ಅವ್ವ ಯಾರಿಗೂ ಸೋತವಳಲ್ಲ. ಮಬ್ಬುಗತ್ತಲಲ್ಲಿ ಅವಳು ನೀರು ಚಿಮುಕಿಸುವ ಸದ್ದು ಕೇಳುತ್ತಿತ್ತು. ನಾನು ಕಂಬಳಿಯನ್ನು ಇನ್ನಷ್ಟು ಎಳೆದುಕೊಳ್ಳುತ್ತಿದ್ದೆ. ಅವಳು ಮದುವೆಯಾಗಿ ಬಂದಾಗಿನಿಂದ ಆ ಬಾಗಿಲಲ್ಲಿ ಬೇರೆಯವರ ಕೈ ಬೆನಕ ಇಟ್ಟದ್ದಿಲ್ಲ. ಸೊಸೆ ಬಂದ ಮೇಲೂ ಅಷ್ಟೇ. ಅಡುಗೆಮನೆ ಬಿಟ್ಟುಕೊಟ್ಟಳು, ಬೀಗದ ಕೈ ಬಿಟ್ಟುಕೊಟ್ಟಳು, ಬಾಗಿಲ ಮುಂದಿನ ನೆಲವನ್ನು ಮಾತ್ರ ಬಿಟ್ಟುಕೊಡಲಿಲ್ಲ.

"ನಿಮ್ಮಣ್ಣಂಗೆ ಫೋನ್ ಮಾಡು. ಧನುರ್ಮಾಸ ಬಂತು, ನಾನು ಹೋಯ್ತೀನಿ," ಅಂದಳು.

"ಹೋಗಿ ಏನ್ ಮಾಡ್ತೀಯವ್ವ? ಕೂರಕ್ಕಾಗಲ್ಲ. ಅತ್ತಿಗೆ ಇಡ್ತಾಳೆ ಬಿಡು."

"ಇಡ್ತಾಳೆ. ಚೆನ್ನಾಗೇ ಇಡ್ತಾಳೆ. ಅವ್ಳು ಇಡೋದ ನಾನು ನೋಡ್ಕಂಡು ಕೂಕಂಬೇಕಾ?"

ಇದು ಬರೀ ದೇವರ ವಿಷಯವಲ್ಲ ಎಂದು ಆಗ ಅರ್ಥವಾಯಿತು. ತನ್ನ ಕೈಯಿಂದ ಆಗುವ ಕೊನೆಯ ಕೆಲಸವೂ ಹೋದರೆ ತಾನು ಆ ಮನೆಯಲ್ಲಿ ಕೂಡಿಸಿ ಊಟ ಹಾಕಬೇಕಾದ ಮುದುಕಿ ಅಷ್ಟೇ ಎಂಬ ಭಯ ಅವಳಿಗೆ. ಬಾಯಿಬಿಟ್ಟು ಹೇಳುವವಳಲ್ಲ. ಆದರೆ ಅವತ್ತಿನಿಂದ ಊಟ ಅರ್ಧ ಆಯಿತು, ಮಾತು ಅದಕ್ಕಿಂತ ಕಮ್ಮಿ ಆಯಿತು.

ಧನುರ್ಮಾಸದ ಮೊದಲ ದಿನ ಬೆಳಿಗ್ಗೆ ಎದ್ದು ನೋಡುತ್ತೇನೆ, ಅವ್ವ ಹಾಸಿಗೆಯಲ್ಲಿಲ್ಲ. ಮುಂಬಾಗಿಲು ತೆರೆದಿತ್ತು. ಗೇಟಿನ ಹೊರಗೆ ನೆಲದ ಮೇಲೆ ಒಂದು ಕಾಲು ಚಾಚಿ, ಒಂದು ಕಾಲು ಮಡಿಸಿ ಕೂತಿದ್ದಳು. ಕೈಯಲ್ಲಿ ರಂಗೋಲಿ ಡಬ್ಬಿ. ಮುಂದೆ ಅರ್ಧ ಎಳೆದ ಗೆರೆ. ಕೂತುಬಿಟ್ಟಿದ್ದಾಳೆ, ಏಳಲು ಬರುತ್ತಿಲ್ಲ. ಎಷ್ಟು ಹೊತ್ತಿನಿಂದ ಹಾಗೆ ಕೂತಿದ್ದಳೋ ಇವತ್ತಿಗೂ ಹೇಳಿಲ್ಲ. ಗಾಬರಿಯಲ್ಲಿ ನನಗೆ ಸಿಟ್ಟು ನೆತ್ತಿಗೇರಿತು. ಡಾಕ್ಟರ ಮಾತು, ಮಾತ್ರೆ, ಮೂಳೆ ಮುರಿದರೆ ಯಾರು ದಿಕ್ಕು ಎಂದು ಬೀದಿಗೆಲ್ಲ ಕೇಳುವಂತೆ ಕೂಗಾಡಿದೆ.

ಅವ್ವ ಎಲ್ಲ ಕೇಳಿಸಿಕೊಂಡು, "ಮೊದ್ಲು ಎಬ್ಬಿಸು ಕಣೆ. ಬೈಯೋದು ಒಳಕ್ಕೆ ಹೋದ್ಮ್ಯಾಲೆ ಬೈಯುವಂತೆ," ಅಂದಳು.

ನಾನೂ ನನ್ನ ಗಂಡನೂ ಸೇರಿ ಎಬ್ಬಿಸಿದೆವು. ಅವತ್ತು ಅವಳು ಕಾಫಿ ಮುಟ್ಟಲಿಲ್ಲ. ನನಗೂ ಇಳಿಯಲಿಲ್ಲ.

ಮಾರನೆಯ ದಿನ ನಾನೇ ಬೆನಕ ಇಡುವುದೆಂದು ತೀರ್ಮಾನವಾಯಿತು. ಅವ್ವ ಕುರ್ಚಿಯಲ್ಲಿ ಕೂತು ಹೇಳಬೇಕು, ನಾನು ಮಾಡಬೇಕು. ಹುಟ್ಟಿದಂದಿನಿಂದ ನಾನು ಒಂದು ಬೆನಕವನ್ನೂ ಮಾಡಿದವಳಲ್ಲ. ಮಾಡಿದೆ. ಅವ್ವ ಕುರ್ಚಿಯಿಂದ ಬಗ್ಗಿ ನೋಡಿ, "ಇದು ಬೆನಕ ಅಲ್ಲ ಕಣಮ್ಮ, ಬೋಂಡ," ಅಂದಳು. ಇನ್ನೊಂದು ಮಾಡಿದೆ. ಅದನ್ನು ನೋಡಿ ಅವಳು ಮುಖ ಆ ಕಡೆ ತಿರುಗಿಸಿದಳು. ಅವಳ ಕೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು, ಬೆರಳು ಮಾತ್ರ ಆಡುತ್ತಿದ್ದವು. ನನ್ನ ಗಂಡ ಪಾಪ, ಒಳಗಿನಿಂದ ಮೇಜು ತಂದು, "ಇದರ ಮೇಲೆ ಮಾಡಿಬಿಡಿ ಅತ್ತೆ, ನಿಂತ್ಕಂಡೇ ಮಾಡಬಹುದು," ಅಂದರು.

"ಮೇಜಿನ ಮ್ಯಾಲೆ ಕೂತ್ಕಳಾಕೆ ಅವ್ನೇನು ಗುಮಾಸ್ತನೇನಪ್ಪ? ಬೆನಕ ಮಣ್ಣಿನ ಮ್ಯಾಲೇ ಕೂರಬೇಕು," ಅಂದಳು ಅವ್ವ. ಮೇಜು ಒಳಗೆ ಹೋಯಿತು.

ಅವತ್ತು ಸಂಜೆ ನಾನು ಆಫೀಸಿನಿಂದ ಬಂದಾಗ ಅವ್ವ ಗೇಟಿನ ಹತ್ತಿರ ತೊಟ್ಟಿಯನ್ನು ಹಿಡಿದು ನಿಂತಿದ್ದಳು. ಮಂಡಿಗೆ ಭಾರ ಬೀಳದಿರಲಿ ಎಂದು ಹೊಟ್ಟೆಯನ್ನು ಅದರ ಅಂಚಿಗೆ ಒರಗಿಸಿದ್ದಳು. ಮೇಕೆ ತಿಂದು ಬಿಟ್ಟ ಕಡ್ಡಿಗಳನ್ನು ಕಿತ್ತು ಹೊರಗೆ ಹಾಕಿದ್ದಳು. ಒಂದು ಕೈಯಿಂದ ಮಣ್ಣಿನ ಹೆಂಟೆ ಪುಡಿ ಮಾಡುತ್ತ, ಅಂಗೈಯಿಂದ ಅದನ್ನು ತಟ್ಟಿ ತಟ್ಟಿ ಸಮ ಮಾಡುತ್ತಿದ್ದಳು. ಎದುರುಮನೆ ಟೀಚರಮ್ಮನ ನಕ್ಷತ್ರ ನೋಡುತ್ತಿದ್ದಳೇ ಹೊರತು ತನ್ನ ಕೈ ಏನು ಮಾಡುತ್ತಿದೆ ಎಂಬ ಕಡೆ ಅವಳ ಗಮನವೇ ಇರಲಿಲ್ಲ. ಆಮೇಲೆ ತೋರುಬೆರಳಿನಿಂದ ಮಣ್ಣಿನ ಮೇಲೆ ಒಂದು ಗೆರೆ ಎಳೆದಳು. ಇನ್ನೊಂದು ಎಳೆದಳು. ಅಲ್ಲಿಗೆ ಕೈ ನಿಂತಿತು.

ಅವಳು ತೊಟ್ಟಿಯನ್ನು ನೋಡಿದಳು. ನಾನು ಅವಳನ್ನು ನೋಡಿದೆ. ಬಾಯಿ ಬಿಟ್ಟರೆ ಎಲ್ಲಿ ಕೆಡುತ್ತದೋ ಎಂದು ಸುಮ್ಮನೆ ಒಳಗೆ ಹೋಗಿ ಒಂದು ಚೊಂಬು ನೀರು ತಂದು ಅಂಚಿನ ಮೇಲೆ ಇಟ್ಟೆ.

"ಇದೂ ಮಣ್ಣೇ ಅಲ್ವೇನೆ?" ಅಂದಳು.

"ಮಣ್ಣೇ ಕಣವ್ವ. ತುಂಬಿಸಿದವಳು ನಾನೇ."

"ವಸಿ ಮ್ಯಾಕೆ ಬಂದೈತೆ, ಅಷ್ಟೇಯ," ಅಂದು ನೀರು ಚಿಮುಕಿಸಿದಳು.

ನನ್ನ ಸರ್ವೆ ಕೊಂಬೆಯ ಕಥೆ ಅಲ್ಲಿಗೆ ಮುಗಿಯಿತು. ಸುಳ್ಳು ಯಾಕೆ ಹೇಳಲಿ, ನನಗೆ ಒಂದು ಗಳಿಗೆ ಕಸಿವಿಸಿ ಆಯಿತು. ಬಣ್ಣ ಬಳಿದವಳು ನಾನು, ಜರಿ ಹಾರ ತಂದವಳು ನಾನು. ಕೊನೆಗೆ ರಾಜಿ ಆಯಿತು: ಮೇಲಿನ ಮಣ್ಣು ಅವ್ವನದು, ಸುತ್ತಲಿನ ಗೋಡೆ ನನ್ನದು. ನಾನು ಸುತ್ತ ಲೈಟು ಕಟ್ಟಿದೆ, ಅಂಚಿಗೆ ರಿಬ್ಬನ್ನು ಸುತ್ತಿದೆ.

ಮರುದಿನದ ಸಗಣಿ ತರುವ ಜವಾಬ್ದಾರಿ ನನ್ನ ಗಂಡನದು. ಅವರು ಮುಂಜಾನೆಯೇ ಸ್ಕೂಟರಿನಲ್ಲಿ ಹಾಲಿನ ಡೈರಿಯ ಕಡೆ ಹೋಗಿ, ಕ್ಯಾರಿ ಬ್ಯಾಗಿನ ತುಂಬ ಸಗಣಿಯನ್ನು ಹ್ಯಾಂಡಲಿಗೆ ನೇತುಹಾಕಿಕೊಂಡು ಗೆದ್ದವರ ಹಾಗೆ ಬಂದರು. ಅವ್ವ ಬ್ಯಾಗಿನ ಬಾಯಿ ಬಿಚ್ಚಿ ನೋಡಿ ಮತ್ತೆ ಗಂಟು ಹಾಕಿದಳು.

"ಎಮ್ಮೇದು," ಅಂದಳು.

"ಸಗಣಿ ಸಗಣಿಯೇ ಅಲ್ವಾ ಅತ್ತೆ?"

ಈ ಸಲ ಅವ್ವ ಅಳಿಯನಿಗೆ ನೇರವಾಗಿ ಹೇಳಲಿಲ್ಲ. ನನ್ನ ಕಡೆ ತಿರುಗಿ, "ನಿನ್ ಗಂಡಂಗೆ ನಾಳೆ ತುಪ್ಪ ಅಂತ ಡಾಲ್ಡಾ ಹಾಕು, ಅದೂ ಇದೂ ಒಂದೇಯ," ಅಂದಳು. ಅವರು ನಗುತ್ತಲೇ ಮತ್ತೆ ಸ್ಕೂಟರ್ ತಿರುಗಿಸಿದರು. ಅಷ್ಟು ದಿನಗಳಲ್ಲಿ ಅವ್ವ ಮೊದಲ ಸಲ ನಗುಮುಖದಿಂದ ತಮಾಷೆ ಮಾಡಿದ್ದಳು. ಅವರಿಗೆ ಅದೇ ಸಾಕಾಗಿತ್ತು.

ಇನ್ನು ಕುಂಬಳ ಹೂ. ಹೊಲದ ಪಕ್ಕದ ಊರಿನಲ್ಲಾದರೆ ಕೇಳಿದ ಮನೆಯವರು ಕೊಡುತ್ತಾರೆ; ಪೇಟೆಯಲ್ಲಿ ಎಲ್ಲಿ ಹುಡುಕುವುದು? ಮೊದಲ ದಿನ ಚೆಂಡುಹೂವನ್ನೇ ಚುಚ್ಚಿದಳು, ಮನಸ್ಸಿಲ್ಲದ ಮನಸ್ಸಿನಿಂದ. ಟೀಚರಮ್ಮ ತಮ್ಮ ಮಹಡಿಯಿಂದ ಇದನ್ನೆಲ್ಲ ನೋಡುತ್ತಿದ್ದರಂತೆ. ಅವರ ಹಿತ್ತಲಿನ ಗೋಡೆಯ ಮೇಲೆ ಕುಂಬಳ ಬಳ್ಳಿ ಹಬ್ಬಿದೆ ಎಂಬುದು ಇಷ್ಟು ವರ್ಷ ಎದುರಿಗಿದ್ದೂ ನನಗೆ ತಿಳಿದಿರಲಿಲ್ಲ. ಮಾರನೆಯ ಬೆಳಿಗ್ಗೆ ತಟ್ಟೆಯಲ್ಲಿ ಹೂ ಹಿಡಿದು ಬಂದರು.

"ಪೆದ್ದಮ್ಮಾ, ಗೊಬ್ಬೆಮ್ಮಕಿ ಗುಮ್ಮಡಿ ಪೂಲು ತೆಚ್ಚಾನು," ಅಂದರು. ಗೊಬ್ಬೆಮ್ಮನಿಗೆ ಕುಂಬಳ ಹೂ ತಂದೆ ಎಂದು.

ಅವ್ವ ಒಂದೊಂದನ್ನೂ ತಿರುಗಿಸಿ ನೋಡಿ, ಹಿಂದೆ ಪುಟ್ಟ ಹೀಚುಕಾಯಿ ಇದ್ದ ಒಂದು ಹೂವನ್ನು ಎತ್ತಿ ಹಿಡಿದಳು. "ಇದಿ ಕಾಯ ಅಯ್ಯೇದಿ ತಲ್ಲೀ. ಕಾಯಿ ಆಗೋ ಹೂವ ಕೀಳಬ್ಯಾಡ. ಬರೀ ಗಂಡು ಹೂವ ತಾ," ಎಂದು ತೆಲುಗು, ಕನ್ನಡ ಎರಡನ್ನೂ ಕಲಸಿ ಹೇಳಿದಳು. ಅವತ್ತಿನಿಂದ ಸಂಕ್ರಾಂತಿಯವರೆಗೂ ಟೀಚರಮ್ಮನ ಬಳ್ಳಿಯಿಂದ ಅವ್ವನ ಬೆನಕನಿಗೆ ಹೂ ಬಂತು. ಬಂದವರು ಸುಮ್ಮನೆ ಹೋಗುತ್ತಿರಲಿಲ್ಲ. ಅಲ್ಲೇ ತೊಟ್ಟಿಗೆ ಒರಗಿ ಇಬ್ಬರೂ ಮಾತಿಗೆ ನಿಂತರೆ ನಮಗೆ ತಿಂಡಿ ತಡ.

ಅವ್ವ ನಿಂತು ಕೆಲಸ ಮಾಡುವುದನ್ನು ನಾನು ದಿನಾ ಜಗಲಿಯಿಂದ ನೋಡುತ್ತಿದ್ದೆ. ಚಿಕ್ಕವಳಿದ್ದಾಗ ನೋಡಬಹುದಾಗಿದ್ದದ್ದನ್ನು ಈಗ ನೋಡುತ್ತಿದ್ದೆ ಅನ್ನಿ. ಹಳೆಯ ರಂಗೋಲಿ ಒರೆಸಿ, ನೀರು ಚಿಮುಕಿಸಿ, ಅಂಗೈಯಿಂದ ಸಾರಿಸುತ್ತಾಳೆ. ಮಣ್ಣು ಒಂದಿಷ್ಟು ಆರಲಿ ಎಂದು ಕಾಯುತ್ತಾಳೆ. ಚುಕ್ಕಿ ಇಟ್ಟು ಗೆರೆ ಎಳೆಯುತ್ತಾಳೆ. ತೊಟ್ಟಿಯ ಬಾಯಿ ದುಂಡಗಿರುವುದರಿಂದ ಕಲ್ಯಾಣದುರ್ಗದ ಚೌಕದ ರಂಗೋಲಿಗಳು ಅಲ್ಲಿ ಹಿಡಿಸಲಿಲ್ಲ. ಬೈದುಕೊಳ್ಳುತ್ತಲೇ ದುಂಡನೆಯವನ್ನು ಹೊಸದಾಗಿ ಹುಟ್ಟಿಸಿದಳು. ಊಟ ಪೂರ್ತಿ ಆಯಿತು. ಮಾತಂತೂ ನಮ್ಮ ಮೂವರಿಗೂ ಸಾಲುವಷ್ಟು ಆಯಿತು.

ರಾಜಿ ಮುರಿದವಳೂ ಅವಳೇ. ಒಂದು ದಿನ ನಾನು ಆಫೀಸಿನಿಂದ ಬಂದು ನೋಡಿದರೆ ನನ್ನ ಇಟ್ಟಿಗೆ ಬಣ್ಣದ ತೊಟ್ಟಿಯ ಸುತ್ತ ಬೆರಣಿ! ಹಿಂದಿನ ದಿನಗಳ ಬೆನಕಗಳನ್ನೆಲ್ಲ ಎಸೆಯುವ ಹಾಗಿಲ್ಲ. ತಟ್ಟಿ ಒಣಗಿಸಿ, ಸಂಕ್ರಾಂತಿಯ ಹಿಂದಿನ ದಿನ ಭೋಗಿಯ ಬೆಂಕಿಗೆ ಹಾಕಬೇಕು. ಕಲ್ಯಾಣದುರ್ಗದಲ್ಲಿ ಅದಕ್ಕೆ ಹಿತ್ತಲ ಗೋಡೆ ಇತ್ತು. ಇಲ್ಲಿ ಕೈಗೆ ಸಿಕ್ಕಿದ್ದು ಇದು. ಲೈಟಿನ ವೈರು ಸರಿಸಿ, ರಿಬ್ಬನ್ನಿನ ಕೆಳಗೆ, ಸಾಲಾಗಿ ತಟ್ಟಿದ್ದಳು. ಪ್ರತಿಯೊಂದರ ಮೇಲೂ ಅವಳ ಬೆರಳು ಮೂಡಿತ್ತು.

"ಅವ್ವಾ! ಮೊನ್ನೆ ತಾನೆ ಬಣ್ಣ ಹೊಡ್ದಿದ್ದು!"

"ಹೂಂ ಕಣಮ್ಮ, ಅದಕ್ಕೇಯ ಚೆನ್ನಾಗ್ ಹಿಡ್ಕಂಡೈತೆ," ಅಂದಳು.

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಸಂಜೆಯಾಯಿತು, ಲೈಟು ಹತ್ತಿತು. ಕೆಂಪು, ಹಸಿರು ಬೆಳಕು ಬೆರಣಿಗಳ ಮೇಲೆ ಹತ್ತಿ ಆರುತ್ತಿತ್ತು; ಮೇಲೆ ಹೂ ಮುಡಿದ ಬೆನಕ. ಕ್ರಿಸ್‌ಮಸ್ಸಿನ ಹಾಡು ಹೇಳಿಕೊಂಡು ಟೀಚರಮ್ಮನ ಮನೆಗೆ ಬಂದ ಚರ್ಚಿನ ಗುಂಪು ಹಾಡು ಮುಗಿಸಿ ನಮ್ಮ ತೊಟ್ಟಿಯ ಮುಂದೆ ನಿಂತು ಫೋಟೊ ತೆಗೆಸಿಕೊಂಡಿತು. ಟೀಚರಮ್ಮನ ಗಿಡವನ್ನು ಆ ಹೊತ್ತು ಯಾರೂ ನೋಡಲಿಲ್ಲ. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅವರು ಕೊಟ್ಟ ಕೇಕನ್ನು ಅವ್ವ ಮೊಟ್ಟೆ ಹಾಕಿಲ್ಲ ಎಂದು ಖಾತ್ರಿ ಮಾಡಿಕೊಂಡು ತಿಂದಳು. ಎರಡನೆಯ ತುಂಡಿಗೆ ಖಾತ್ರಿ ಕೇಳಲಿಲ್ಲ.

ಭೋಗಿಯ ಬೆಳಿಗ್ಗೆ ಬೆರಣಿಗಳನ್ನು ಬಿಡಿಸಿ, ದಾರಕ್ಕೆ ಪೋಣಿಸಿ, ಬೀದಿಯ ಮೂಲೆಯ ಬೆಂಕಿಗೆ ಹಾಕಿದೆವು. ಬೆರಣಿಯ ಜೊತೆ ಬಣ್ಣವೂ ಎದ್ದು ಬಂತು. ಹಬ್ಬ ಮುಗಿದ ಮಾರನೆಯ ದಿನ ಅಣ್ಣ ಬಂದ, ಅವ್ವನನ್ನು ಕರೆದುಕೊಂಡು ಹೋಗಲು. ಅವ್ವ ಬಟ್ಟೆ ಕಟ್ಟಿಕೊಂಡಿರಲಿಲ್ಲ.

"ನಾನ್ ಈಗ್ಲೇ ಬರಲ್ಲ ಕಣ್ಲಾ," ಅಂದಳು.

"ಯಾಕವ್ವ? ಧನುರ್ಮಾಸ ಮುಗೀತಲ್ಲ?"

"ಬಾಗ್ಲ ಮುಂದೆ ರಂಗೋಲಿ ದಿನಾ ಹಾಕಬ್ಯಾಡವಾ? ನನ್ ಮಂಡಿ ಇನ್ ಬಗ್ಗಲ್ಲ. ನೆಲಾನೇ ಮ್ಯಾಕೆತ್ತಿಸು, ಬತ್ತೀನಿ."

ಅಣ್ಣ ನನ್ನ ಮುಖ ನೋಡಿದ. ನಾನು ಅವನನ್ನು ಹೊರಗೆ ಕರೆದುಕೊಂಡು ಹೋಗಿ ತೊಟ್ಟಿ ತೋರಿಸಿದೆ. ಅವನು ಅದರ ಮುಂದೆ ನಿಂತು, ತನ್ನ ಸೊಂಟಕ್ಕೆ ಕೈ ಇಟ್ಟು ಅಳೆದ. ಆಮೇಲೆ ಏನೋ ಹೊಳೆದು ಅವ್ವನನ್ನೇ ಕರೆಸಿ ನಿಲ್ಲಿಸಿ ಅಳೆದ. ಒಂದೆರಡು ವಾರದಲ್ಲಿ ಕಲ್ಯಾಣದುರ್ಗದ ಬಾಗಿಲ ಪಕ್ಕವೂ ಒಂದು ತೊಟ್ಟಿ ಬಂತು, ಒಳಗೆ ಹೊಲದ ಕೆಂಪು ಮಣ್ಣು. ಅತ್ತಿಗೆಯೇ ಫೋನಿನಲ್ಲಿ, "ಬಂದ್ಬುಡಿ ಅತ್ತೆ, ನಾನ್ ಅದನ್ನ ಮುಟ್ಟಿಲ್ಲ," ಅಂದಳಂತೆ. ಅವ್ವ ಹೊರಟಳು. ನನಗೆ ಸಂತೋಷವೂ ಆಯಿತು, ಒಂದು ಥರದ ಸಂಕಟವೂ ಆಯಿತು. ಇನ್ನೊಂದಿಷ್ಟು ದಿನ ಅಣ್ಣನಿಗೆ ಸಿಮೆಂಟ್ ರಿಂಗು ಸಿಗದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಬಸ್ಸು ಹೋದ ಮೇಲೆ ಮನೆಗೆ ಬಂದು, ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.

ಮತ್ತೆ ಧನುರ್ಮಾಸ ಬಂತು. ಯಾರೂ ಹೇಳದೆ ನಾನೇ ಬೇಗ ಎದ್ದೆ. ನನ್ನ ಗಂಡ ಹಸುವಿನದೇ ಸಗಣಿ ತಂದರು. ಟೀಚರಮ್ಮ ಗಂಡು ಹೂವೇ ಕೊಟ್ಟರು. ತೊಟ್ಟಿಯ ಮಣ್ಣು ಸಾರಿಸಿ, ರಂಗೋಲಿ ಬಿಟ್ಟು, ಬೆನಕ ಕೂರಿಸಿದೆ. ಬೋಂಡದ ಹಾಗಿರಲಿಲ್ಲ. ಅವ್ವನಿಗೆ ತೋರಿಸಬೇಕು ಅನ್ನಿಸಿ ವೀಡಿಯೊ ಕಾಲ್ ಮಾಡಿದೆ. ಅವಳೂ ತನ್ನ ತೊಟ್ಟಿಯ ಮುಂದೆ ನಿಂತಿದ್ದಳು, ಕೈಯೆಲ್ಲ ರಂಗೋಲಿ ಪುಡಿ. ಅತ್ತಿಗೆ ಫೋನು ಹಿಡಿದಿದ್ದಳು. ಅವ್ವ ನನ್ನ ಬೆನಕನನ್ನು ಕಣ್ಣು ಕಿರಿದು ಮಾಡಿ ನೋಡಿದಳು.

"ಚೆನ್ನಾಗೈತೆ," ಅಂದಳು. ಆಮೇಲೆ, "ನೀನ್ಯಾಕೆ ನಿಂತ್ಕಂಡಿದ್ದೀಯ? ನಿನ್ ಮಂಡಿಗೇನಾಗೈತೆ?"

"ಏನೂ ಆಗಿಲ್ಲವ್ವ. ನೀನು ಇಡ್ತಿದ್ದ ಜಾಗ ಅಂತ..."

"ನನ್ ಕೈಲಾಗದೆ ಇಟ್ಟೆ ಕಣಮ್ಮ ಅಲ್ಲಿ. ನೀನು ನೆಲದ ಮ್ಯಾಲೆ ಇಡು. ಬಗ್ಗಾಕೆ ಆಗೋಗಂಟ ಬಗ್ಗು. ಆ ಮಂಡಿ ಯಾವತ್ತು ಬ್ಯಾಡ ಅಂತೈತೋ ಹೇಳಾಕಾಗಲ್ಲ."

ಅವಳ ದನಿಯಲ್ಲಿ ಬೇಸರವಿರಲಿಲ್ಲ, ಅಡುಗೆಗೆ ಉಪ್ಪು ಎಷ್ಟೆಂದು ಹೇಳುವಾಗಿನ ದನಿಯೇ ಅದು. ಫೋನನ್ನು ಗೇಟಿಗೆ ಒರಗಿಸಿ ನಿಲ್ಲಿಸಿದೆ. ಬೆನಕನನ್ನು ಎರಡು ಕೈಯಲ್ಲೂ ಎತ್ತಿಕೊಂಡು, ಬಾಗಿಲ ಮುಂದಿನ ಒದ್ದೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತೆ. ಕೂರುವಾಗ ನನ್ನ ಮಂಡಿ ಟಕ್ಕೆಂದಿತು. ಅದು ಕಲ್ಯಾಣದುರ್ಗಕ್ಕೂ ಕೇಳಿಸಿತೋ ಏನೋ.

"ನಿಧಾನಕ್ಕೆ ಕಣೆ," ಅಂದಳು ಅವ್ವ.